ಉಪಗ್ರಹ ಪಥದರ್ಶನ: ಸಂಕೇತ ಉಚಿತ, ಒಡೆತನ ಯಾರದು, ವೆಚ್ಚ ಯಾರದು?

ದಾವಣಗೆರೆ: ಪಿ.ಬಿ. ರಸ್ತೆಯಲ್ಲಿ ಸಾಗುವ ಬಾಡಿಗೆ ವಾಹನ, ಹರಿಹರ ನಿಲ್ದಾಣವನ್ನು ಹಾದುಹೋಗುವ ರೈಲು, ಭದ್ರಾ ಅಚ್ಚುಕಟ್ಟಿನ ಗದ್ದೆಯ ಬದುವಿನ ಮೇಲೆ ನಿಂತು ಬೆಳೆ ಸಮೀಕ್ಷೆಗಾಗಿ ಮೊಬೈಲಿನಲ್ಲಿ ಚಿತ್ರ ತೆಗೆಯುವ ರೈತ. ಈ ಮೂವರಿಗೂ ಇರುವ ಸಮಾನ ಅಂಶವೊಂದಿದೆ. ಅವರು ನಿಂತ ನೆಲೆಯನ್ನು ಗುರುತಿಸಿಕೊಡುವುದು ಸಾವಿರಾರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು. ಈ ಸೇವೆಗೆ ಯಾರೂ ನೇರವಾಗಿ ಒಂದು ಪೈಸೆಯನ್ನೂ ತೆರುವುದಿಲ್ಲ. ಆದರೆ ಆ ಉಪಗ್ರಹಗಳ ಒಡೆತನ ಯಾರದು, ಅವುಗಳಿಗೆ ಹಣ ಹಾಕುವವರು ಯಾರು, ನಾಳೆ ಸಂಕೇತ ನಿಂತುಹೋದರೆ ಕೇಳುವುದು ಯಾರನ್ನು ಎಂಬ ಪ್ರಶ್ನೆಗಳಿಗೆ ಉತ್ತರ ಅಷ್ಟು ಸರಳವಾಗಿಲ್ಲ. ಆ ಉತ್ತರದ ಒಂದು ದೊಡ್ಡ ಭಾಗ ಕರ್ನಾಟಕದಲ್ಲಿಯೇ ಇದೆ ಎಂಬುದು ಗಮನಾರ್ಹ.

ಈ ಭಾಗದಲ್ಲಿ ಬಳಕೆ ಎಲ್ಲೆಲ್ಲಿ?

ಮೊಬೈಲಿನ ನಕ್ಷೆ ಎಲ್ಲರಿಗೂ ಪರಿಚಿತ. ಅದರಾಚೆಗೆ ಸರ್ಕಾರಿ ಕೆಲಸಗಳಲ್ಲಿಯೂ ಉಪಗ್ರಹ ಸಂಕೇತ ಈಗ ಸಾಕ್ಷಿಯ ಸ್ಥಾನ ಪಡೆದಿದೆ. ಆಶ್ರಯ ಮನೆಯ ಕಂತು ಬಿಡುಗಡೆಯಾಗಲು ತಳಪಾಯದ ಚಿತ್ರದೊಂದಿಗೆ ಅದರ ಅಕ್ಷಾಂಶ, ರೇಖಾಂಶಗಳೂ ದಾಖಲಾಗಬೇಕು. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಸ್ಥಳದ ಗುರುತಿರುವ ಚಿತ್ರಸಹಿತ ಹಾಜರಾತಿಯನ್ನು 2023ರ ಜನವರಿ 1ರಿಂದ ಕಡ್ಡಾಯಗೊಳಿಸಲಾಯಿತು. ರಾಜ್ಯದಲ್ಲಿ ರೈತರೇ ಮೊಬೈಲ್ ಮೂಲಕ ಬೆಳೆ ಸಮೀಕ್ಷೆ ದಾಖಲಿಸುವ ಪದ್ಧತಿ 2020ರಲ್ಲಿ ಜಾರಿಗೆ ಬಂದಿತು. ಹೊಸದಾಗಿ ನೋಂದಣಿಯಾಗುವ ಸಾರ್ವಜನಿಕ ಸಾರಿಗೆ ವಾಹನಗಳಿಗೆ ಸ್ಥಳ ಪತ್ತೆ ಸಾಧನ ಅಳವಡಿಸುವ ನಿಯಮ ದೇಶದಲ್ಲಿ 2019ರಿಂದ ಜಾರಿಯಲ್ಲಿದೆ. ರೈಲು ಎಲ್ಲಿದೆ ಎಂಬುದನ್ನು ಎಂಜಿನ್ನಿನಿಂದಲೇ ತಿಳಿಯಲು ರೈಲ್ವೆಯು ಇಸ್ರೊ ಸಹಯೋಗದಲ್ಲಿ ಸಾಧನಗಳನ್ನು ಅಳವಡಿಸಿದೆ.

ಕಣ್ಣಿಗೆ ಕಾಣದ ಬಳಕೆ ಇನ್ನೂ ದೊಡ್ಡದು. ಮೊಬೈಲ್ ಗೋಪುರಗಳು, ವಿದ್ಯುತ್ ಜಾಲ ಹಾಗೂ ಹಣಕಾಸು ಸಂಸ್ಥೆಗಳ ಗಣಕಗಳು ತಮ್ಮ ಗಡಿಯಾರವನ್ನು ಸರಿಹೊಂದಿಸಿಕೊಳ್ಳಲು ಇದೇ ಉಪಗ್ರಹಗಳ ಸಮಯವನ್ನು ಅವಲಂಬಿಸಿವೆ. ಹೀಗಾಗಿ ಸಂಕೇತದಲ್ಲಿ ತೊಡಕುಂಟಾದರೆ ದಾರಿ ತಪ್ಪುವುದಷ್ಟೇ ಅಲ್ಲ, ಸಮಯವೂ ತಪ್ಪುತ್ತದೆ.

ಕೆಲಸ ಮಾಡುವ ಬಗೆ

ಪಥದರ್ಶಕ ಉಪಗ್ರಹವೆಂದರೆ ಮೂಲತಃ ಆಕಾಶದಲ್ಲಿರುವ ಅತ್ಯಂತ ನಿಖರವಾದ ಗಡಿಯಾರ. ಅದು 'ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು' ಎಂದು ನಿರಂತರವಾಗಿ ಬಿತ್ತರಿಸುತ್ತಿರುತ್ತದೆ. ಆ ಸಂಕೇತ ನೆಲಕ್ಕೆ ತಲುಪಲು ಹಿಡಿದ ಅವಧಿಯಿಂದ ಗ್ರಾಹಕ ಸಾಧನವು ದೂರವನ್ನು ಲೆಕ್ಕ ಹಾಕುತ್ತದೆ. ರೇಡಿಯೊ ತರಂಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಾಗುವುದರಿಂದ ಗಡಿಯಾರದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ವ್ಯತ್ಯಾಸವಾದರೂ ದೂರ 300 ಮೀಟರ್ ತಪ್ಪುತ್ತದೆ. ಆದ್ದರಿಂದಲೇ ಈ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿರುತ್ತವೆ. ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಸಮಯ ಎಂಬ ನಾಲ್ಕು ಅಂಶಗಳನ್ನು ಕಂಡುಕೊಳ್ಳಲು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಏಕಕಾಲಕ್ಕೆ ಬೇಕು. ಈ 'ನಾಲ್ಕು' ಎಂಬ ಸಂಖ್ಯೆ ಭಾರತದ ಮಟ್ಟಿಗೆ ಈಚೆಗೆ ಏಕೆ ಚಿಂತೆಯ ವಿಷಯವಾಗಿದೆ ಎಂಬುದನ್ನು ಮುಂದೆ ನೋಡಬಹುದು.

ನಿಖರತೆಯನ್ನು ಈ ಭಾಗದ ರೈತರಿಗೆ ತಿಳಿಯುವ ಅಳತೆಯಲ್ಲಿ ಹೇಳುವುದಾದರೆ, ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಂದರೆ ಒಂದೊಂದು ಬದಿಯೂ ಸುಮಾರು 10 ಮೀಟರ್. ಸಾಧಾರಣ ಮೊಬೈಲಿನ ಲೆಕ್ಕದಲ್ಲಿ 10 ಮೀಟರ್ ವ್ಯತ್ಯಾಸ ಬಂದರೆ ಗುರುತು ಒಂದು ಗುಂಟೆಯಷ್ಟು ಪಕ್ಕಕ್ಕೆ ಸರಿದಂತೆ. ಬೆಳೆಯ ಚಿತ್ರಕ್ಕೆ ಇದು ನಡೆದೀತು, ಹದ್ದುಬಸ್ತಿಗೆ ನಡೆಯದು. ಆದ್ದರಿಂದ ಭೂಮಾಪನದಲ್ಲಿ ನೆಲದ ಮೇಲಿನ ಸ್ಥಿರ ಉಲ್ಲೇಖ ಕೇಂದ್ರಗಳಿಂದ ತಿದ್ದುಪಡಿ ಪಡೆದು, ಸೆಂಟಿಮೀಟರುಗಳ ಮಟ್ಟದಲ್ಲಿ ಅಳೆಯುವ ರೋವರ್ ಸಾಧನಗಳನ್ನು ಬಳಸಲಾಗುತ್ತದೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯ ಡ್ರೋನ್ ಸಮೀಕ್ಷೆಗೂ ಇಂಥ ಕೇಂದ್ರಗಳ ಜಾಲವೇ ಆಧಾರ. ಕರ್ನಾಟಕ ಆ ಯೋಜನೆಯ ಪ್ರಾಯೋಗಿಕ ಹಂತದಲ್ಲಿಯೇ ಸೇರಿತ್ತು.

ಒಡೆಯರು ಆರು ಮಂದಿ

ಜಗತ್ತಿನಲ್ಲಿ ಸದ್ಯ ಆರು ವ್ಯವಸ್ಥೆಗಳಿವೆ. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೊನಾಸ್, ಐರೋಪ್ಯ ಒಕ್ಕೂಟದ ಗೆಲಿಲಿಯೊ ಮತ್ತು ಚೀನಾದ ಬೈದೌ ಇಡೀ ಭೂಮಂಡಲಕ್ಕೆ ಸೇವೆ ನೀಡುತ್ತವೆ. ಭಾರತದ ನಾವಿಕ್ ಮತ್ತು ಜಪಾನಿನ ಕ್ಯೂಜೆಡ್‌ಎಸ್‌ಎಸ್ ಪ್ರಾದೇಶಿಕ ವ್ಯವಸ್ಥೆಗಳು. ದಕ್ಷಿಣ ಕೊರಿಯಾ ತನ್ನದೇ ವ್ಯವಸ್ಥೆಯನ್ನು ಕಟ್ಟುವ ಯೋಜನೆ ಹಾಕಿಕೊಂಡಿದೆ.

ಜಿಪಿಎಸ್ ಯೋಜನೆಗೆ 1973ರ ಡಿಸೆಂಬರ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಒಪ್ಪಿಗೆ ನೀಡಿತು. ಮೊದಲ ಉಪಗ್ರಹ 1978ರ ಫೆಬ್ರುವರಿಯಲ್ಲಿ ಕಕ್ಷೆಗೇರಿತು. 1995ರಲ್ಲಿ ವ್ಯವಸ್ಥೆ ಪೂರ್ಣಗೊಂಡಿತೆಂದು ಘೋಷಿಸಲಾಯಿತು. ಅದನ್ನು ನಡೆಸುತ್ತಿದ್ದ ವಾಯುಪಡೆಯ ಹೊಣೆ 2019ರ ಡಿಸೆಂಬರ್‌ನಲ್ಲಿ ರಚನೆಯಾದ ಬಾಹ್ಯಾಕಾಶ ಪಡೆಗೆ ವರ್ಗಾವಣೆಯಾಯಿತು. ಅಂದರೆ ಇಂದಿಗೂ ಅದು ಸೇನೆಯ ಕೈಯಲ್ಲಿಯೇ ಇದೆ. ಗ್ಲೊನಾಸ್‌ನ ಮೊದಲ ಉಡಾವಣೆ 1982ರ ಅಕ್ಟೋಬರ್ 12ರಂದು ಸೋವಿಯತ್ ಕಾಲದಲ್ಲಿ ನಡೆಯಿತು. ಬೈದೌ ತನ್ನ ಜಾಗತಿಕ ಸೇವೆಯನ್ನು 2020ರ ಜುಲೈ 31ರಂದು ಉದ್ಘಾಟಿಸಿತು. ಗೆಲಿಲಿಯೊ ಒಂದೇ ನಾಗರಿಕ ಆಡಳಿತದಡಿ ಹುಟ್ಟಿದ ಜಾಗತಿಕ ವ್ಯವಸ್ಥೆ. ಅದರ ಆರಂಭಿಕ ಸೇವೆ 2016ರ ಡಿಸೆಂಬರ್ 15ರಂದು ಶುರುವಾಯಿತು.

ಉಚಿತವಾದದ್ದು ಹೇಗೆ?

1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶ ಪ್ರವೇಶಿಸಿದ ದಕ್ಷಿಣ ಕೊರಿಯಾದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಲಾಯಿತು. ಅದರಲ್ಲಿದ್ದ 269 ಮಂದಿಯೂ ಮೃತಪಟ್ಟರು. ಈ ದುರಂತದ ಬೆನ್ನಲ್ಲೇ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಸರ್ಕಾರ, ಜಿಪಿಎಸ್ ಸಿದ್ಧವಾದ ನಂತರ ನಾಗರಿಕ ಬಳಕೆಗೂ ಲಭ್ಯವಾಗಲಿದೆ ಎಂದು ಪ್ರಕಟಿಸಿತು. ಆದರೂ ನಾಗರಿಕರಿಗೆ ಸಿಗುವ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ದೋಷ ಬೆರೆಸಲಾಗುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ 2000ದ ಮೇ ತಿಂಗಳ ಆರಂಭದಲ್ಲಿ ಆ ದೋಷವನ್ನು ತೆಗೆದುಹಾಕಲಾಯಿತು. ಒಂದೇ ರಾತ್ರಿಯಲ್ಲಿ ಜಗತ್ತಿನ ಎಲ್ಲ ಗ್ರಾಹಕ ಸಾಧನಗಳ ನಿಖರತೆ ಹಲವು ಪಟ್ಟು ಹೆಚ್ಚಿತು. ಹೆಚ್ಚಿಸಿದ್ದು ಒಂದು ದೇಶದ ಒಂದು ಆದೇಶ ಎಂಬುದೇ ಇಲ್ಲಿರುವ ಮುಖ್ಯ ಸಂಗತಿ.

ನಾಗರಿಕ ಸೇವೆಗೆ ನೇರ ಬಳಕೆ ಶುಲ್ಕ ವಿಧಿಸಬಾರದೆಂದು ಅಮೆರಿಕದ ಕಾನೂನೇ ಹೇಳುತ್ತದೆ. 1994ರಲ್ಲಿ ಆ ದೇಶ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ (ಐಕಾವೊ) ಪತ್ರ ಬರೆದು, ಸೇವೆಯನ್ನು ಜಗತ್ತಿಗೆಲ್ಲ ಉಚಿತವಾಗಿ ನೀಡುವುದಾಗಿಯೂ ನಿಲ್ಲಿಸುವುದಾದರೆ ಕನಿಷ್ಠ 6 ವರ್ಷ ಮೊದಲೇ ತಿಳಿಸುವುದಾಗಿಯೂ ಭರವಸೆ ನೀಡಿತು. 1996ರಲ್ಲಿ ರಷ್ಯಾ ಕೂಡ ಗ್ಲೊನಾಸ್ ಕುರಿತು ಇಂಥದೇ ಭರವಸೆ ಕೊಟ್ಟಿತು. ಇವು ಭರವಸೆಗಳು, ಎಲ್ಲ ರಾಷ್ಟ್ರಗಳೂ ಸಹಿ ಹಾಕಿದ ಒಪ್ಪಂದಗಳಲ್ಲ.

ಹಣದ ಲೆಕ್ಕ: ಮೂರು ಪಾಠಗಳು

ಉಚಿತ ಸೇವೆಯೆಂದರೆ ವೆಚ್ಚವಿಲ್ಲವೆಂದಲ್ಲ, ವೆಚ್ಚವನ್ನು ಬೇರೊಬ್ಬರು ಭರಿಸುತ್ತಿದ್ದಾರೆ ಎಂದರ್ಥ. ಜಿಪಿಎಸ್‌ನ ಬಹುಪಾಲು ವೆಚ್ಚ ಅಮೆರಿಕದ ತೆರಿಗೆದಾರರ ಹಣದಿಂದ, ರಕ್ಷಣಾ ಬಜೆಟ್ ಮೂಲಕ ಬರುತ್ತದೆ. ಆ ದೇಶದ ಮಾನಕ ಸಂಸ್ಥೆಯ ಪ್ರಾಯೋಜನೆಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವು, 1980ರ ದಶಕದಿಂದ ಈ ವ್ಯವಸ್ಥೆಯಿಂದ ಅಮೆರಿಕದ ಖಾಸಗಿ ವಲಯಕ್ಕೆ ಸುಮಾರು 1.4 ಲಕ್ಷ ಕೋಟಿ ಡಾಲರ್ ಲಾಭವಾಗಿದೆ ಎಂದು ಅಂದಾಜಿಸಿತು. ಸೇವೆ ನಿಂತರೆ ದಿನವೊಂದಕ್ಕೆ 100 ಕೋಟಿ ಡಾಲರ್ ನಷ್ಟವಾಗುವುದೆಂದೂ ಅದೇ ಅಧ್ಯಯನ ತಿಳಿಸಿತು.

ರಷ್ಯಾದ ಅನುಭವ ಬೇರೆ. 1990ರ ದಶಕದ ಮಧ್ಯದಲ್ಲಿ 24 ಉಪಗ್ರಹಗಳೊಂದಿಗೆ ಪೂರ್ಣಗೊಂಡಿದ್ದ ಗ್ಲೊನಾಸ್, ಆರ್ಥಿಕ ಕುಸಿತದಿಂದ ಹಣವಿಲ್ಲದೆ ಸೊರಗಿತು. ಹಳೆಯ ಉಪಗ್ರಹಗಳು ಆಯುಷ್ಯ ಮುಗಿಸಿದಂತೆ ಹೊಸವು ಏರಲಿಲ್ಲ. 2001ರ ವೇಳೆಗೆ ಕೆಲಸ ಮಾಡುವ ಉಪಗ್ರಹಗಳ ಸಂಖ್ಯೆ ಹತ್ತಕ್ಕಿಂತ ಕೆಳಗಿಳಿದಿತ್ತು. ಮತ್ತೆ ಹಣ ಸುರಿದು ಪೂರ್ಣ ಪ್ರಮಾಣಕ್ಕೆ ತರಲು 2011ರವರೆಗೆ ಕಾಯಬೇಕಾಯಿತು.

ಮೂರನೆಯದು ಯುರೋಪಿನ ಪಾಠ. ಗೆಲಿಲಿಯೊ ಯೋಜನೆಯನ್ನು ಸರ್ಕಾರ ಮತ್ತು ಖಾಸಗಿ ವಲಯದ ಸಹಭಾಗಿತ್ವದಲ್ಲಿ ಕಟ್ಟಬೇಕೆಂಬುದು ಮೊದಲ ಆಲೋಚನೆ. ಆದರೆ ಅಮೆರಿಕ ಉಚಿತವಾಗಿ ಕೊಡುತ್ತಿರುವುದನ್ನು ಹಣಕ್ಕೆ ಮಾರುವುದು ಹೇಗೆ ಎಂಬ ಪ್ರಶ್ನೆಗೆ ಕಂಪನಿಗಳಿಗೆ ಉತ್ತರ ಸಿಗಲಿಲ್ಲ. 2007ರಲ್ಲಿ ಮಾತುಕತೆ ಮುರಿದುಬಿತ್ತು. ಕೊನೆಗೆ 2007ರಿಂದ 2013ರವರೆಗಿನ ಅವಧಿಗೆ 340 ಕೋಟಿ ಯೂರೊಗಳನ್ನು ಒಕ್ಕೂಟವೇ ಸಾರ್ವಜನಿಕ ನಿಧಿಯಿಂದ ಭರಿಸಿತು. ಅದರಲ್ಲಿ ಒಂದು ಭಾಗ ಖರ್ಚಾಗದೆ ಉಳಿದಿದ್ದ ಕೃಷಿ ಅನುದಾನ ಎಂಬುದು ಇಲ್ಲಿನ ರೈತರಿಗೂ ಕುತೂಹಲ ಮೂಡಿಸಬಹುದು. 2021ರಿಂದ 2027ರವರೆಗಿನ ಬಜೆಟ್ಟಿನಲ್ಲಿ ಗೆಲಿಲಿಯೊ ಮತ್ತು ಅದರ ಪೂರಕ ವ್ಯವಸ್ಥೆಗೆ 900 ಕೋಟಿ ಯೂರೊಗಳಿಗೂ ಹೆಚ್ಚು ಮೀಸಲಿಡಲಾಗಿದೆ.

ಹಂಚಿಕೊಂಡು ನಡೆಸಿದ ಹಳೆಯ ಉದಾಹರಣೆಗಳು

ವೆಚ್ಚವನ್ನು ಹಲವು ದೇಶಗಳು ಹಂಚಿಕೊಂಡ ಉದಾಹರಣೆಗಳೇ ಇಲ್ಲವೆಂದಲ್ಲ. ಉಪಗ್ರಹಗಳಿಗೆ ಮುನ್ನ ಹಡಗು ಮತ್ತು ವಿಮಾನಗಳಿಗೆ ದಿಕ್ಕು ತೋರುತ್ತಿದ್ದ 'ಒಮೆಗಾ' ಎಂಬ ರೇಡಿಯೊ ವ್ಯವಸ್ಥೆಯ ಎಂಟು ಕೇಂದ್ರಗಳು ಅಮೆರಿಕ, ನಾರ್ವೆ, ಲೈಬೀರಿಯಾ, ಅರ್ಜೆಂಟೀನಾ, ಜಪಾನ್, ಆಸ್ಟ್ರೇಲಿಯಾಗಳಲ್ಲಿ ಹಾಗೂ ಫ್ರಾನ್ಸಿನ ರಿಯೂನಿಯನ್ ದ್ವೀಪದಲ್ಲಿದ್ದವು. ಉಪಗ್ರಹಗಳ ಮುಂದೆ ಅದು ಅನಗತ್ಯವೆನಿಸಿ 1997ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್ ಮೇಲೆ ಹಾರುವ ವಿಮಾನಗಳಿಗೆ ಬೇಕಾದ ಸೇವೆಯ ವೆಚ್ಚವನ್ನು ಬಳಸುವ ದೇಶಗಳು ಹಂಚಿಕೊಳ್ಳುವ ಒಪ್ಪಂದಗಳು 1956ರಲ್ಲಿಯೇ ಐಕಾವೊ ಆಶ್ರಯದಲ್ಲಿ ಆದವು.

ಬಳಸುವವರಿಂದಲೇ ವಸೂಲು ಮಾಡುವ ಪದ್ಧತಿ ಭಾರತದಲ್ಲಿಯೂ ಹಳೆಯದು. ಕರಾವಳಿಯ ದೀಪಸ್ತಂಭಗಳು ಹಾಗೂ ರೇಡಿಯೊ ಸಂಕೇತ ಕೇಂದ್ರಗಳ ವೆಚ್ಚಕ್ಕಾಗಿ ಬಂದರಿಗೆ ಬರುವ ಹಡಗುಗಳಿಂದ ದೀಪ ಶುಲ್ಕ ಪಡೆಯಲು 1927ರ ದೀಪಸ್ತಂಭ ಕಾಯ್ದೆ ಅವಕಾಶ ನೀಡಿತ್ತು. 2021ರಲ್ಲಿ ಅದರ ಸ್ಥಾನದಲ್ಲಿ ನೂತನ ಕಾಯ್ದೆ ಬಂದಿತು. ವಿಮಾನಗಳಿಂದ ಮಾರ್ಗ ಸಂಚಾರ ಶುಲ್ಕವನ್ನು ವಿಮಾನ ನಿಲ್ದಾಣ ಪ್ರಾಧಿಕಾರ ಪಡೆಯುತ್ತದೆ. ಆದರೆ ಉಪಗ್ರಹ ಸಂಕೇತವನ್ನು ಯಾರು ಪಡೆದರು, ಎಷ್ಟು ಪಡೆದರು ಎಂದು ಲೆಕ್ಕವಿಡಲು ಸಾಧ್ಯವಿಲ್ಲ. ಮಳೆಯಂತೆ ಎಲ್ಲರ ಮೇಲೂ ಬೀಳುವುದಕ್ಕೆ ಮೀಟರ್ ಅಳವಡಿಸಲಾಗದು. ಆದ್ದರಿಂದಲೇ ಅದು ಸರ್ಕಾರಗಳ ಬೊಕ್ಕಸಕ್ಕೇ ಉಳಿದಿದೆ.

ಜಾಗತಿಕ ಆಡಳಿತ: ಮಂಡಳಿಯಿಲ್ಲದ ನದಿ

ತುಂಗಭದ್ರೆಯ ನೀರಿಗೆ 1953ರಲ್ಲಿ ರಚನೆಯಾದ ಮಂಡಳಿಯಿದೆ. ಯಾವ ರಾಜ್ಯಕ್ಕೆ ಎಷ್ಟು, ವೆಚ್ಚದಲ್ಲಿ ಯಾರ ಪಾಲೆಷ್ಟು ಎಂಬುದಕ್ಕೆ ಲೆಕ್ಕವಿದೆ. ಉಪಗ್ರಹ ಪಥದರ್ಶನಕ್ಕೆ ಅಂಥ ಒಂದೇ ಜಾಗತಿಕ ಮಂಡಳಿಯಿಲ್ಲ. ಬದಲಿಗೆ ನಾಲ್ಕು ವೇದಿಕೆಗಳು ತಂತಮ್ಮ ವ್ಯಾಪ್ತಿಯಲ್ಲಿ ಕೆಲಸ ಮಾಡುತ್ತವೆ.

ಮೊದಲನೆಯದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು). 1865ರಲ್ಲಿ ಸ್ಥಾಪನೆಯಾದ, ಜಿನೀವಾದಲ್ಲಿ ಕೇಂದ್ರ ಕಚೇರಿ ಹೊಂದಿರುವ ಈ ಸಂಸ್ಥೆ ರೇಡಿಯೊ ತರಂಗಾಂತರಗಳನ್ನು ಹಂಚುತ್ತದೆ. ಒಬ್ಬರ ಉಪಗ್ರಹದ ಸಂಕೇತ ಇನ್ನೊಬ್ಬರದಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುವ ನಿಯಮ ಇದರದು. ಸದಸ್ಯ ರಾಷ್ಟ್ರಗಳು ತಾವೇ ಆಯ್ದುಕೊಂಡ ಪ್ರಮಾಣದಲ್ಲಿ ವಂತಿಗೆ ನೀಡುತ್ತವೆ.

ಎರಡನೆಯದು ಮಾಂಟ್ರಿಯಲ್‌ನಲ್ಲಿರುವ ಐಕಾವೊ. 1998ರಲ್ಲಿ ಅದರ ಮಹಾಸಭೆ ಉಪಗ್ರಹ ಪಥದರ್ಶನದ ಬಗ್ಗೆ ರಾಷ್ಟ್ರಗಳ ಹಕ್ಕು ಮತ್ತು ಹೊಣೆಗಳ ಸನ್ನದನ್ನು ಅಂಗೀಕರಿಸಿತು. ಎಲ್ಲ ದೇಶಗಳ ವಿಮಾನಗಳಿಗೂ ತಾರತಮ್ಯವಿಲ್ಲದೆ ಸೇವೆ ಸಿಗಬೇಕು, ಸೇವೆಯ ನಿರಂತರತೆಗೆ ಒದಗಿಸುವವರು ಹೊಣೆಯಾಗಬೇಕು ಎಂಬುದು ಅದರ ತಿರುಳು. ಆದರೆ ಅದು ಸನ್ನದು. ಉಲ್ಲಂಘಿಸಿದವರನ್ನು ದಂಡಿಸುವ ಅಧಿಕಾರ ಅದಕ್ಕಿಲ್ಲ.

ಮೂರನೆಯದು ಅಂತರರಾಷ್ಟ್ರೀಯ ಸಾಗರ ಸಂಸ್ಥೆ. ಯಾವ ವ್ಯವಸ್ಥೆಯನ್ನು ಹಡಗುಗಳು ನಂಬಬಹುದು ಎಂದು ಮಾನ್ಯತೆ ನೀಡುವುದು ಇದರ ಕೆಲಸ. 2020ರ ನವೆಂಬರ್‌ನಲ್ಲಿ ಭಾರತದ ವ್ಯವಸ್ಥೆಗೂ ಈ ಮಾನ್ಯತೆ ದೊರೆಯಿತು.

ನಾಲ್ಕನೆಯದಕ್ಕೂ ಕರ್ನಾಟಕಕ್ಕೂ ನೇರ ನಂಟಿದೆ.

ಬೆಂಗಳೂರಿನಲ್ಲಿ ಹುಟ್ಟಿದ ವೇದಿಕೆ

1999ರಲ್ಲಿ ವಿಯೆನ್ನಾದಲ್ಲಿ ನಡೆದ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮ್ಮೇಳನದ ಶಿಫಾರಸಿನ ಫಲವಾಗಿ 2005ರ ಡಿಸೆಂಬರ್‌ನಲ್ಲಿ ಉಪಗ್ರಹ ಪಥದರ್ಶನದ ಅಂತರರಾಷ್ಟ್ರೀಯ ಸಮಿತಿ (ಐಸಿಜಿ) ರೂಪುಗೊಂಡಿತು. ಅದರ ಎರಡನೆಯ ಸಭೆ 2007ರ ಸೆಪ್ಟೆಂಬರ್ 5ರಿಂದ 7ರವರೆಗೆ ಬೆಂಗಳೂರಿನಲ್ಲಿ ನಡೆಯಿತು. ಉಪಗ್ರಹ ವ್ಯವಸ್ಥೆಗಳನ್ನು ಹೊಂದಿದ ಹಾಗೂ ಕಟ್ಟುತ್ತಿರುವ ದೇಶಗಳು ಪ್ರತ್ಯೇಕವಾಗಿ ಕುಳಿತು ಮಾತನಾಡುವ 'ಸೇವಾದಾರರ ವೇದಿಕೆ' ಸ್ಥಾಪನೆಯಾದದ್ದು ಆ ಸಭೆಯಲ್ಲಿಯೇ. 2019ರ ಡಿಸೆಂಬರ್‌ನಲ್ಲಿ ಸಮಿತಿಯ 14ನೇ ಸಭೆಗೂ ಬೆಂಗಳೂರೇ ಆತಿಥ್ಯ ವಹಿಸಿತು.

ವೇದಿಕೆಯ ಮುಖ್ಯ ತತ್ವಗಳು ಮೂರು. ಒಂದು ವ್ಯವಸ್ಥೆ ಇನ್ನೊಂದಕ್ಕೆ ತೊಂದರೆ ಕೊಡಬಾರದು. ಬಳಕೆದಾರರು ಹಲವು ವ್ಯವಸ್ಥೆಗಳನ್ನು ಒಟ್ಟಿಗೆ ಬಳಸಲು ಅನುವಾಗುವಂತೆ ಸಂಕೇತಗಳಿರಬೇಕು. ಮುಕ್ತ ಸೇವೆಯ ಸಂಕೇತದ ವಿವರಗಳನ್ನು ಎಲ್ಲರಿಗೂ ಪ್ರಕಟಿಸಬೇಕು. ಇಸ್ರೊ ತನ್ನ ಸಂಕೇತದ ವಿವರಗಳನ್ನು 2014ರಲ್ಲಿ ಪ್ರಕಟಿಸಿತು. ದಾವಣಗೆರೆಯ ಅಂಗಡಿಯಲ್ಲಿ ಕೊಳ್ಳುವ ಒಂದೇ ಮೊಬೈಲು ನಾಲ್ಕೈದು ದೇಶಗಳ ಉಪಗ್ರಹಗಳನ್ನು ಒಟ್ಟಿಗೆ ಬಳಸುತ್ತಿದ್ದರೆ ಅದರ ಹಿಂದೆ ಇಂಥ ಒಮ್ಮತದ ಪಾತ್ರವಿದೆ.

ಆದರೆ ಸಮಿತಿಯ ನಿರ್ಧಾರಗಳು ಸರ್ವಾನುಮತದವು, ಯಾರನ್ನೂ ಕಟ್ಟಿಹಾಕುವಂಥವಲ್ಲ. ಅದರ ಕಾರ್ಯಾಲಯವನ್ನು ವಿಯೆನ್ನಾದಲ್ಲಿರುವ ವಿಶ್ವಸಂಸ್ಥೆಯ ಬಾಹ್ಯಾಕಾಶ ವ್ಯವಹಾರಗಳ ಕಚೇರಿ ನಿರ್ವಹಿಸುತ್ತದೆ. ಉಪಗ್ರಹ ಹಾರಿಸಲು ಅದರ ಬಳಿ ನಿಧಿಯಿಲ್ಲ, ಸಂಕೇತ ನಿಲ್ಲಿಸಿದವರಿಗೆ ಆಜ್ಞೆ ಮಾಡುವ ಅಧಿಕಾರವೂ ಇಲ್ಲ.

ಭದ್ರಾ ನಾಲೆಯ ಕೊನೆ ಭಾಗದ ದಾವಣಗೆರೆ, ಹರಿಹರ ತಾಲ್ಲೂಕುಗಳ ರೈತರಿಗೆ ಈ ಸ್ಥಿತಿ ಅಪರಿಚಿತವಲ್ಲ. ನೀರು ಬಿಡುವ ತೀರ್ಮಾನ ಮೇಲೆಲ್ಲೋ ಆಗುತ್ತದೆ, ಪರಿಣಾಮ ಕೊನೆಯ ತೂಬಿನಲ್ಲಿ ಕಾಣುತ್ತದೆ. ಆದರೆ ನಾಲೆಯ ವಿಷಯದಲ್ಲಿ ಕಾಡಾ ಸಭೆಯಿದೆ, ಪ್ರತಿಭಟನೆಗೆ ದಾರಿಯಿದೆ. ಅನ್ಯದೇಶದ ಉಪಗ್ರಹದ ವಿಷಯದಲ್ಲಿ ಅದೂ ಇಲ್ಲ. ಈ ಅರಿವೇ ಭಾರತವನ್ನು ಸ್ವಂತ ವ್ಯವಸ್ಥೆಯ ಕಡೆಗೆ ತಿರುಗಿಸಿತು.

ನಾವಿಕ್: ಬ್ಯಾಲಾಳಿನಿಂದ ಹಾಸನದವರೆಗೆ

2005ರ ಸೆಪ್ಟೆಂಬರ್‌ನಲ್ಲಿ ಗೆಲಿಲಿಯೊ ಯೋಜನೆಯಲ್ಲಿ ಭಾಗವಹಿಸುವ ಕುರಿತು ಭಾರತ ಮತ್ತು ಐರೋಪ್ಯ ಒಕ್ಕೂಟ ನವದೆಹಲಿಯಲ್ಲಿ ಒಪ್ಪಂದದ ಕರಡಿಗೆ ಸಮ್ಮತಿಸಿದ್ದವು. ಆದರೆ 2006ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಸ್ವಂತ ಪ್ರಾದೇಶಿಕ ವ್ಯವಸ್ಥೆಗೇ ಅನುಮೋದನೆ ನೀಡಿತು. ಯೋಜನಾ ವೆಚ್ಚ 1,420 ಕೋಟಿ ರೂಪಾಯಿ. ಹಣ ಸಂಪೂರ್ಣವಾಗಿ ಕೇಂದ್ರ ಬಜೆಟ್ಟಿನದು.

ಮೊದಲ ಉಪಗ್ರಹ 2013ರ ಜುಲೈ 1ರಂದು ಶ್ರೀಹರಿಕೋಟಾದಿಂದ ಏರಿತು. ಏಳನೆಯದು 2016ರ ಏಪ್ರಿಲ್ 28ರಂದು ಏರಿದಾಗ ಪ್ರಧಾನಿ ನರೇಂದ್ರ ಮೋದಿ ವ್ಯವಸ್ಥೆಗೆ 'ನಾವಿಕ್' ಎಂದು ಹೆಸರಿಟ್ಟರು. ಭಾರತ ಹಾಗೂ ಅದರ ಗಡಿಯಿಂದ ಸುಮಾರು 1,500 ಕಿ.ಮೀ.ವರೆಗೆ ಇದರ ವ್ಯಾಪ್ತಿ. ಸಾರ್ವಜನಿಕರಿಗೆ ಮುಕ್ತ ಸೇವೆ, ಸೇನೆ ಮತ್ತಿತರ ಅಧಿಕೃತ ಬಳಕೆದಾರರಿಗೆ ಗೂಢಲಿಪಿಯ ನಿರ್ಬಂಧಿತ ಸೇವೆ ಎಂಬ ಎರಡು ಬಗೆಗಳಿವೆ.

ವ್ಯವಸ್ಥೆಯ ನೆಲದ ಬೇರುಗಳು ಕರ್ನಾಟಕದಲ್ಲಿವೆ. ಬೆಂಗಳೂರು ಹೊರವಲಯದ ಬ್ಯಾಲಾಳಿನಲ್ಲಿ 2013ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಇಸ್ರೊ ಪಥದರ್ಶನ ಕೇಂದ್ರ ಇದರ ಹೃದಯವಿದ್ದಂತೆ. ವ್ಯವಸ್ಥೆಯ ಸಮಯ ನಿರ್ಧಾರವಾಗುವುದು ಅಲ್ಲಿ. ಉಪಗ್ರಹಗಳ ನಿಯಂತ್ರಣದಲ್ಲಿ 1982ರಲ್ಲಿ ಸ್ಥಾಪನೆಯಾದ ಹಾಸನದ ಪ್ರಧಾನ ನಿಯಂತ್ರಣ ಕೇಂದ್ರ ಪಾಲ್ಗೊಂಡಿದೆ.

ಗಡಿಯಾರ ನಿಂತಾಗ

ನಾವಿಕ್‌ನ ಮುಂದಿನ ಹಾದಿ ಸುಗಮವಾಗಿರಲಿಲ್ಲ. ಒಂದೊಂದು ಉಪಗ್ರಹದಲ್ಲಿಯೂ ಮೂರು ರುಬಿಡಿಯಂ ಪರಮಾಣು ಗಡಿಯಾರಗಳಿದ್ದವು. ಇವು ಆಮದು ಮಾಡಿಕೊಂಡವು. ಮೊದಲ ಉಪಗ್ರಹದ ಮೂರೂ ಗಡಿಯಾರಗಳು 2016ರಲ್ಲಿ ಕೆಟ್ಟವು. ಅದರ ಬದಲಿಗೆ 2017ರ ಆಗಸ್ಟ್ 31ರಂದು ಹಾರಿಸಿದ ಉಪಗ್ರಹ, ರಾಕೆಟ್‌ನ ಶಾಖಕವಚ ಕಳಚಿಕೊಳ್ಳದೆ ಅದರೊಳಗೇ ಸಿಲುಕಿ ವ್ಯರ್ಥವಾಯಿತು. 2018ರ ಏಪ್ರಿಲ್ 12ರ ಉಡಾವಣೆ ಯಶಸ್ವಿಯಾಯಿತು. ಮುಂದೆ ಇತರ ಉಪಗ್ರಹಗಳಲ್ಲಿಯೂ ಗಡಿಯಾರಗಳು ಕೈಕೊಟ್ಟವು.

ಎರಡನೇ ಪೀಳಿಗೆಯ ಮೊದಲ ಉಪಗ್ರಹ ಎನ್‌ವಿಎಸ್-01, 2023ರ ಮೇ 29ರಂದು ದೇಶೀ ನಿರ್ಮಿತ ಪರಮಾಣು ಗಡಿಯಾರದೊಂದಿಗೆ ಕಕ್ಷೆ ಸೇರಿತು. ಸಾಮಾನ್ಯ ಮೊಬೈಲುಗಳಿಗೂ ಸುಲಭವಾಗಿ ಎಟುಕುವ ಎಲ್-1 ತರಂಗಾಂತರ ಇದರಲ್ಲಿ ಸೇರಿತ್ತು. 2025ರ ಜನವರಿ 29ರಂದು ಶ್ರೀಹರಿಕೋಟಾದ ನೂರನೇ ಉಡಾವಣೆಯಾಗಿ ಏರಿದ ಎನ್‌ವಿಎಸ್-02, ಎಂಜಿನ್ನಿಗೆ ಆಕ್ಸಿಡೈಸರ್ ಹರಿಸುವ ಕವಾಟಗಳು ತೆರೆಯದ ಕಾರಣ ನಿಗದಿತ ಕಕ್ಷೆ ತಲುಪಲಿಲ್ಲ.

ಒಟ್ಟು ಚಿತ್ರವನ್ನು ಕೇಂದ್ರ ಸರ್ಕಾರವೇ 2025ರ ಜುಲೈನಲ್ಲಿ ಸಂಸತ್ತಿನ ಮುಂದಿಟ್ಟಿತು. ಅಲ್ಲಿಯವರೆಗೆ ಹಾರಿಸಿದ 11 ಉಪಗ್ರಹಗಳ ಪೈಕಿ ಸ್ಥಳ ಮತ್ತು ಸಮಯ ಸೇವೆ ನೀಡುತ್ತಿದ್ದವು 4. ಇನ್ನು 4 ಏಕಮುಖ ಸಂದೇಶ ಬಿತ್ತರಣೆಗೆ ಮಾತ್ರ ಬಳಕೆಯಲ್ಲಿದ್ದವು. ಒಂದು ನಿವೃತ್ತವಾಗಿತ್ತು, ಎರಡು ಉದ್ದೇಶಿತ ಕಕ್ಷೆ ತಲುಪಿರಲಿಲ್ಲ. ಪೂರ್ಣ ಸ್ಥಾನ ನಿರ್ಣಯಕ್ಕೆ ಕನಿಷ್ಠ ನಾಲ್ಕು ಬೇಕು ಎಂಬುದನ್ನು ಇಲ್ಲಿ ನೆನೆಯಬೇಕು. ನಾಲ್ಕೇ ಇರುವಾಗ ಒಂದು ಕೆಟ್ಟರೂ ಬೇರೆ ದೇಶದ ನೆರವಿಲ್ಲದೆ ಪೂರ್ಣ ಲೆಕ್ಕ ಸಾಧ್ಯವಾಗದು. ಬಹುತೇಕ ಮೊಬೈಲುಗಳು ಅನ್ಯದೇಶಗಳ ಉಪಗ್ರಹಗಳನ್ನೂ ಬಳಸುವುದರಿಂದ ಸಾಮಾನ್ಯ ಬಳಕೆದಾರನಿಗೆ ವ್ಯತ್ಯಾಸ ತಿಳಿಯದೆ ಹೋಗಬಹುದು. ಆದರೆ ಸ್ವಾವಲಂಬನೆಯ ಉದ್ದೇಶಕ್ಕೆ ಧಕ್ಕೆಯಾಗುವುದು ನಿಶ್ಚಿತ.

ಕೆಟ್ಟುನಿಲ್ಲುವುದು ಭಾರತದ ವ್ಯವಸ್ಥೆಯೊಂದೇ ಅಲ್ಲ. 2014ರ ಏಪ್ರಿಲ್‌ನಲ್ಲಿ ಗ್ಲೊನಾಸ್ ತಪ್ಪು ದತ್ತಾಂಶದಿಂದ ಹಲವು ಗಂಟೆಗಳ ಕಾಲ ಎಡವಿತು. 2019ರ ಜುಲೈನಲ್ಲಿ ಗೆಲಿಲಿಯೊ ಸುಮಾರು ಒಂದು ವಾರ ಸ್ತಬ್ಧವಾಗಿತ್ತು. ಬಾಳಿಕೆಯ ಗುಟ್ಟು ಒಂದೇ: ಬಿಡಿ ಉಪಗ್ರಹಗಳು ಕಕ್ಷೆಯಲ್ಲಿರಬೇಕು, ಅದಕ್ಕೆ ಪ್ರತಿವರ್ಷ ಹಣ ಬರುತ್ತಿರಬೇಕು.

ಗಗನ್: ವಿಮಾನಗಳಿಗೆ ಊರುಗೋಲು

ಜಿಪಿಎಸ್ ಸಂಕೇತದ ದೋಷಗಳನ್ನು ತಿದ್ದಿ, ಅದು ನಂಬಲರ್ಹವೇ ಎಂಬುದನ್ನು ವಿಮಾನಗಳಿಗೆ ತಿಳಿಸುವ ವ್ಯವಸ್ಥೆಯೇ ಗಗನ್. ವಿಮಾನ ನಿಲ್ದಾಣ ಪ್ರಾಧಿಕಾರ ಮತ್ತು ಇಸ್ರೊ ಜಂಟಿಯಾಗಿ 774 ಕೋಟಿ ರೂಪಾಯಿ ವೆಚ್ಚದಲ್ಲಿ ಇದನ್ನು ಕಟ್ಟಿದವು. ದೇಶದಾದ್ಯಂತ ಇರುವ 15 ಉಲ್ಲೇಖ ಕೇಂದ್ರಗಳ ಮಾಹಿತಿ ಬೆಂಗಳೂರಿನ ಕುಂದಲಹಳ್ಳಿಯಲ್ಲಿರುವ ನಿಯಂತ್ರಣ ಕೇಂದ್ರಕ್ಕೆ ಬರುತ್ತದೆ. ಇಳಿಯುವ ವಿಮಾನಗಳಿಗೆ ನೆರವಾಗುವ ಮಟ್ಟದ ಪ್ರಮಾಣಪತ್ರ 2015ರ ಏಪ್ರಿಲ್ 21ರಂದು ದೊರೆಯಿತು. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಪ್ರಯಾಣಿಕ ಸಂಸ್ಥೆಯೊಂದರ ಎಟಿಆರ್ ವಿಮಾನ ಗಗನ್ ನೆರವಿನಿಂದ ಇಳಿಯಿತು. ದುಬಾರಿ ನೆಲದ ಉಪಕರಣಗಳಿಲ್ಲದ ಸಣ್ಣ ನಿಲ್ದಾಣಗಳಿಗೆ ಇದರಿಂದ ಅನುಕೂಲ. ವಿಮಾನ ನಿಲ್ದಾಣವಿಲ್ಲದ ದಾವಣಗೆರೆಯ ಪ್ರಯಾಣಿಕರು ಅವಲಂಬಿಸಿರುವುದೂ ಹುಬ್ಬಳ್ಳಿ ಹಾಗೂ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ ಶಿವಮೊಗ್ಗದಂಥ ನಿಲ್ದಾಣಗಳನ್ನೇ.

ಹೆದ್ದಾರಿ ಸುಂಕ ಮತ್ತು 20 ಕಿಲೋಮೀಟರ್

ಉಪಗ್ರಹ ಸಂಕೇತ ಜೇಬಿಗೆ ನೇರವಾಗಿ ತಟ್ಟುವ ಪ್ರಸ್ತಾಪವೂ ಇದೆ. ಉಪಗ್ರಹ ಆಧಾರಿತ ಸಾಧನ ಹೊಂದಿದ ವಾಹನಗಳಿಂದ, ಹೆದ್ದಾರಿಯಲ್ಲಿ ಕ್ರಮಿಸಿದ ದೂರಕ್ಕಷ್ಟೇ ಸುಂಕ ಪಡೆಯಲು ಅವಕಾಶ ನೀಡುವ ತಿದ್ದುಪಡಿ ನಿಯಮವನ್ನು ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ರಾಷ್ಟ್ರೀಯ ಪರವಾನಗಿ ಹೊರತಾದ ವಾಹನಗಳಿಗೆ ದಿನವೊಂದಕ್ಕೆ ಪ್ರತಿ ದಿಕ್ಕಿನಲ್ಲಿ 20 ಕಿ.ಮೀ.ವರೆಗೆ ಸುಂಕವಿಲ್ಲ ಎಂಬುದು ಅದರ ಒಂದು ಅಂಶ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ಮಾತ್ರ. ಈ ಪದ್ಧತಿ 48ನೇ ರಾಷ್ಟ್ರೀಯ ಹೆದ್ದಾರಿಗೆ ಬಂದರೆ ಎರಡು ಊರುಗಳ ನಡುವಿನ ನಿತ್ಯದ ಓಡಾಟ ವಿನಾಯಿತಿಯೊಳಗೇ ಮುಗಿಯುತ್ತದೆ. ಹುಬ್ಬಳ್ಳಿ ಅಥವಾ ಬೆಂಗಳೂರಿನ ಪ್ರಯಾಣಕ್ಕೆ ಮಾತ್ರ ಲೆಕ್ಕ ಏರುತ್ತದೆ.

ಪ್ರಯೋಗ ನಡೆದ ರಸ್ತೆಗಳಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯೂ ಒಂದು. ಆದರೆ 2025ರ ಮೇ 1ರಿಂದ ದೇಶದಾದ್ಯಂತ ಜಾರಿಯಾಗಲಿದೆ ಎಂಬ ಸುದ್ದಿ ಹಬ್ಬಿದಾಗ, ಅಂಥ ತೀರ್ಮಾನವಾಗಿಲ್ಲ ಎಂದು ಹೆದ್ದಾರಿ ಸಚಿವಾಲಯ ಸ್ಪಷ್ಟಪಡಿಸಿತು. ನಿಖರತೆಯ ಪ್ರಶ್ನೆಯೂ ಸಣ್ಣದಲ್ಲ. ಹೆದ್ದಾರಿಯ ಪಕ್ಕದಲ್ಲೇ ಸರ್ವಿಸ್ ರಸ್ತೆ ಸಾಗುವ ಕಡೆ 10 ಮೀಟರ್ ತಪ್ಪಿದರೂ ಸರ್ವಿಸ್ ರಸ್ತೆಯಲ್ಲಿ ಹೋದವನಿಗೆ ಹೆದ್ದಾರಿಯ ಲೆಕ್ಕ ಬಂದೀತು. ವಾಹನ ಎಲ್ಲೆಲ್ಲಿ ಸಾಗಿತೆಂಬ ದಾಖಲೆ ಯಾರ ಬಳಿ, ಎಷ್ಟು ಕಾಲ ಇರಬೇಕು ಎಂಬುದೂ ಇತ್ಯರ್ಥವಾಗಬೇಕಾದ ವಿಷಯ.

ಸಂಕೇತಕ್ಕೆ ಅಡ್ಡಿ

ಉಪಗ್ರಹದ ಸಂಕೇತ ನೆಲ ತಲುಪುವಷ್ಟರಲ್ಲಿ ಅತ್ಯಂತ ಕ್ಷೀಣವಾಗಿರುತ್ತದೆ. ಅಗ್ಗದ ಉಪಕರಣದಿಂದಲೂ ಅದನ್ನು ಅಡಗಿಸಬಹುದು. ಸುಳ್ಳು ಸಂಕೇತ ಬಿತ್ತರಿಸಿ ದಾರಿ ತಪ್ಪಿಸಲೂಬಹುದು. 2023ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗೆ ಅಮೃತಸರ ಮತ್ತು ಜಮ್ಮು ವಲಯದಲ್ಲಿಯೇ ಇಂಥ 465 ಪ್ರಕರಣಗಳು ವರದಿಯಾಗಿವೆ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. 2025ರ ಮಾರ್ಚ್‌ನಲ್ಲಿ ಐಟಿಯು, ಐಕಾವೊ ಮತ್ತು ಸಾಗರ ಸಂಸ್ಥೆಗಳು ಜಂಟಿ ಹೇಳಿಕೆ ನೀಡಿ, ಸಂಕೇತಗಳನ್ನು ರಕ್ಷಿಸುವಂತೆಯೂ ಸಾಂಪ್ರದಾಯಿಕ ರೇಡಿಯೊ ಪಥದರ್ಶನ ಕೇಂದ್ರಗಳನ್ನು ಮುಚ್ಚದೆ ಉಳಿಸಿಕೊಳ್ಳುವಂತೆಯೂ ರಾಷ್ಟ್ರಗಳನ್ನು ಕೋರಿದವು. ಉಪಗ್ರಹಗಳು ಬಂದವೆಂದು ನೆಲದ ಕೇಂದ್ರಗಳ ಅನುದಾನ ಕಡಿತಗೊಳಿಸುವುದು ಉಳಿತಾಯವಲ್ಲ ಎಂಬುದು ಇದರ ಸಾರ.

ಬಳಕೆದಾರ ತಿಳಿದಿರಬೇಕಾದ್ದು

ಉಪಗ್ರಹ ಸಂಕೇತ ಉಚಿತ; ಆದರೆ ಅದನ್ನು ಪಡೆಯುವ ಸಾಧನದ ಬೆಲೆ, ಅದರ ಸಿಮ್ ಬಾಡಿಗೆ ಮತ್ತು ದುರಸ್ತಿಯ ಹೊರೆ ಬಹುಪಾಲು ವಾಹನ ಮಾಲೀಕರದೇ. ಸಾಧನ ಕೊಳ್ಳುವಾಗ ನಾವಿಕ್ ಸೇರಿದಂತೆ ಒಂದಕ್ಕಿಂತ ಹೆಚ್ಚು ವ್ಯವಸ್ಥೆಗಳನ್ನು ಗ್ರಹಿಸುತ್ತದೆಯೇ ಎಂದು ವಿಚಾರಿಸುವುದು ಒಳಿತು. ಒಂದು ಕೈಕೊಟ್ಟರೆ ಇನ್ನೊಂದು ನೆರವಿಗೆ ಬರುತ್ತದೆ. ಮೊಬೈಲಿನ ಗುರುತು ಬೆಳೆ ಸಮೀಕ್ಷೆಗೆ ಸಾಕಾಗುತ್ತದೆ, ಆದರೆ ಜಮೀನಿನ ಗಡಿಗೆ ಅದು ಆಧಾರವಾಗದು. ಅದಕ್ಕೆ ಸರ್ವೆ ಇಲಾಖೆಯ ಅಳತೆಯೇ ಬೇಕು. ಹಾಜರಾತಿ ಅಥವಾ ಮನೆಯ ಚಿತ್ರದಲ್ಲಿ ಸ್ಥಳ ತಪ್ಪಾಗಿ ದಾಖಲಾದರೆ, ಬಯಲಿನಲ್ಲಿ ಕೆಲ ನಿಮಿಷ ಕಾದು ಮತ್ತೆ ಚಿತ್ರ ತೆಗೆಯಬೇಕು ಹಾಗೂ ತಪ್ಪನ್ನು ಕೂಡಲೇ ಗ್ರಾಮ ಪಂಚಾಯಿತಿಯ ಗಮನಕ್ಕೆ ತರಬೇಕು. ಯಂತ್ರ ತೋರಿದ ಬಿಂದುವೊಂದರ ಕಾರಣಕ್ಕೆ ಕೂಲಿಯಾಗಲೀ ಕಂತಾಗಲೀ ತಪ್ಪಬಾರದು.

ನಾವಿಕ್‌ನ ಭವಿಷ್ಯ ಎನ್‌ವಿಎಸ್ ಸರಣಿಯ ಮುಂದಿನ ಉಪಗ್ರಹಗಳು ಸಕಾಲಕ್ಕೆ ಕಕ್ಷೆ ಸೇರುವುದನ್ನು ಅವಲಂಬಿಸಿದೆ. ಜಾಗತಿಕ ವೇದಿಕೆಗಳಲ್ಲಿ ಭಾರತದ ಮಾತಿಗೆ ಬೆಲೆ ಬರುವುದು ಸಭೆಗೆ ಆತಿಥ್ಯ ವಹಿಸಿದ್ದರಿಂದಷ್ಟೇ ಅಲ್ಲ. ಮೇಲೆ ಕೆಲಸ ಮಾಡುವ ಉಪಗ್ರಹಗಳಿರುವುದರಿಂದ. ಆ ವೆಚ್ಚವನ್ನು ಭರಿಸುತ್ತಿರುವುದು ದೇಶದ ತೆರಿಗೆದಾರರು. ದಾವಣಗೆರೆಯ ವರ್ತಕ, ಹರಿಹರದ ಕಾರ್ಮಿಕ ಎಲ್ಲರೂ ಅದರಲ್ಲಿ ಸೇರಿದ್ದಾರೆ. ಎಷ್ಟು ಉಪಗ್ರಹಗಳು ಕೆಲಸ ಮಾಡುತ್ತಿವೆ ಎಂಬ ಲೆಕ್ಕವನ್ನು ಅವರೂ ಕೇಳಬಹುದು.